ಬಿ.ಎ. ಓದಿ ಏನ್ ಮಾಡ್ತಾಳೆ ಅಂತ ಕೇಳೋರಿಗೆ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಾಗಿಂದ ಒಂದೇ ಮಾತು ಕೇಳಿ ಕೇಳಿ ಸಾಕಾಗದೆ. ನಲ್ಲಿ ಹತ್ರ ಅದೇ, ಮದುವೆ ಮನೆ ಪಂಕ್ತೀಲಿ ಅದೇ, ನಂಜುಂಡೇಶ್ವರನ ಗುಡೀಲಿ ದರ್ಶನಕ್ಕೆ ನಿಂತಿದ್ರೂ ಅದೇ. "ಆರ್ಟ್ಸ್ ತಗೊಂಡಿದ್ಲಾ? ಅಯ್ಯೋ, ಬಿ.ಎ. ಓದಿ ಏನ್ ಮಾಡ್ತಾಳೆ ಬುಡವ್ವ." ಹಿಂಗಂತಿರೋರು ಹೊರಗಿನೋರಲ್ಲ. ನಮ್ಮ ಅತ್ತಿಗೇರು, ವಾರಗಿತ್ತೀರು, ಚಿಕ್ಕವ್ವದೀರು, ಎದುರು ಮನೆ ಅಕ್ಕ. ಅದ್ಕೇ ಉತ್ತರಾನೂ ನಿಮಗೇ ಬರೀತಿವ್ನಿ. ಕೋಪ ಬಂದ್ರೆ ಮನೆಗೇ ಬಂದು ಬೈರಿ, ಕಾಫಿ ಕೊಡ್ತೀನಿ.

ನನ್ನ ಮಾತು ಮೊದ್ಲೇ ಹೇಳ್ಬುಡ್ತೀನಿ. ಆರ್ಟ್ಸ್ ಓದ್ತೀನಿ ಅನ್ನೋ ಹೆಣ್ಣು ಹೈಕಳ್ನ ಪಿಯುಸಿಗೇ ನಿಲ್ಲಿಸೋದು ಅನ್ಯಾಯ. ದುಡ್ಡಿಲ್ಲ ಅನ್ನೋದು ಮುಕ್ಕಾಲು ನೆಪ. ಕೆಲ್ಸ ಸಿಗಲ್ಲ ಅನ್ನೋದನ್ನ ನಾವು ಗಂಡು ಹೈಕಳಿಗೆ ಹೇಳಲ್ಲ. ಕಾಲೇಜು ಬಸ್ಸಿನ ದಾರೀಲೇ ಇರುವಾಗ ಮೂರು ವರ್ಷದ ಓದನ್ನ ಅವರ ಕೈಯಿಂದ ಕಿತ್ಕೊಳ್ಳೋ ಅಧಿಕಾರ ನಮಗ್ಯಾರೂ ಕೊಟ್ಟಿಲ್ಲ.

ಗಾಳಿ ಮಾತಲ್ಲ ಇದು. ನಮ್ಮ ನಾದಿನಿ ಮಗಳದ್ದೇ ವಿಷ್ಯ. ಟಿ. ನರಸೀಪುರದ ಕಡೆ ಹಳ್ಳಿ, ಹೆಸರು ಬ್ಯಾಡ. ಆರ್ಟ್ಸಲ್ಲಿ 600ಕ್ಕೆ 517 ತಗೊಂಡವ್ಳೆ. ಎಂಟು ಕಿಲೋಮೀಟರ್ ದೂರದ ಸರ್ಕಾರಿ ಪಿಯು ಕಾಲೇಜಿಗೆ ಎರಡು ವರ್ಷ ಹೋಗಿ ಬಂದು, ಬೆಳಿಗ್ಗೆ ಹಾಲು ಡೇರಿಗೆ ಹಾಕಿ, ಸಂಜೆ ಬಂದು ಮುದ್ದೆ ತಿರುವಿ ಓದಿದ ಮಗು ಅದು. ಅವಳ ಅಣ್ಣ ಬೆಂಗಳೂರಲ್ಲಿ ಇಂಜಿನಿಯರಿಂಗು ಓದ್ತಾವ್ನೆ. ಅವನ ಸೀಟಿಗೆ ಅಂತ ಒಂದೆಕರೆ ಗದ್ದೆ ಭೋಗ್ಯಕ್ಕೆ ಹೋಯ್ತು. ಎರಡು ಸಬ್ಜೆಕ್ಟು ಬಾಕಿ ಇಟ್ಕೊಂಡವ್ನೆ, ಅದ್ಕೆ ಯಾರೂ ಏನೂ ಅನ್ನಲಿಲ್ಲ, "ಇಂಜಿನಿಯರಿಂಗು ಕಷ್ಟ ಕಣವ್ವ" ಅಂದ್ರು. ಈ ಮಗಳು ಬಿ.ಎ.ಗೆ ಸೇರ್ತೀನಿ ಅಂದ್ರೆ ಮನೇಲಿ ಪಂಚಾಯ್ತಿ ಕೂತದೆ. ಇವಳ ಒಂದು ವರ್ಷದ ಕಾಲೇಜು ಖರ್ಚು ಅವನು ಎರಡು ತಿಂಗಳು ಪಿ.ಜಿ.ಗೆ ಕಟ್ಟೋ ದುಡ್ಡಿಗಿಂತ ಕಮ್ಮಿ. ಆಷಾಢ ಕಳೀಲಿ, ಗಂಡು ನೋಡುವ ಅಂತ ಮಾತು ಸುರುವಾಗದೆ. ಅಡ್ಮಿಷನ್ ಮುಗಿಯೋದು ಆಷಾಢಕ್ಕೆ ಕಾಯಲ್ಲ.

ಈಗ ನಿಮ್ಮ ಪ್ರಶ್ನೆಗೆ ಬತ್ತೀನಿ. ಬಿ.ಎ.ಲಿ ಏನು ಓದ್ತಾರೆ ಅನ್ನೋದು ನಮ್ಮಲ್ಲಿ ಸುಮಾರು ಜನಕ್ಕೆ ಗೊತ್ತೇ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ, ಇಂಗ್ಲಿಷು, ಕೆಲವು ಕಡೆ ಭೂಗೋಳ, ಮನಃಶಾಸ್ತ್ರ. "ಕತೆ ಓದ್ಕೊಂಡು ಕೂರೋದು" ಅಂತೀರ. ವಸಿ ನೋಡುವ.

ಅರ್ಥಶಾಸ್ತ್ರ ತಗೊಳ್ಳಿ. 2025ರ ಸುರುವಲ್ಲಿ ಮೈಕ್ರೋಫೈನಾನ್ಸ್ ಕಾಟ ತಡೀಲಾರದೆ ನಮ್ಮ ನಂಜನಗೂಡು, ಚಾಮರಾಜನಗರದ ಕಡೆ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದು ಪೇಪರಲ್ಲೂ ಟಿವೀಲೂ ಬಂತು. ಅದು ಎಷ್ಟು ದೊಡ್ಡದಾಯ್ತು ಅಂದ್ರೆ ಅದೇ ಫೆಬ್ರವರೀಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಆ ಸಾಲಕ್ಕೆ ಸೈನು ಹಾಕ್ದೋರು ಯಾರು? ನಾವು ಹೆಂಗಸರೇ. ಹತ್ತು ಜನ ಗುಂಪು ಕಟ್ಕೊಂಡು, ಒಬ್ಬರಿಗೊಬ್ಬರು ಜಾಮೀನು ನಿಂತು, ಓದದೇ ಸೈನು. ಹತ್ತು ಸಾವಿರ ಇಸ್ಕೊಂಡು ವಾರವಾರ ಅಸಲು ತೀರಿಸ್ತಾ ಬಂದ್ರೂ ಬಡ್ಡಿ ಮಾತ್ರ ವರ್ಷಪೂರ್ತಿ ಇಡೀ ಹತ್ತು ಸಾವಿರಕ್ಕೇ ಹಾಕಿದ್ರೆ, ಬಾಯಲ್ಲಿ ಶೇಕಡಾ 24 ಅಂದದ್ದು ಲೆಕ್ಕದಲ್ಲಿ 40 ದಾಟ್ತದೆ. ನಮ್ಮ ಕೈಲಿರೋ ಅಸಲು ವಾರವಾರ ಕರಗ್ತಾ ಬರೋದ್ರಿಂದ ಹಂಗಾಗೋದು. ಇದನ್ನ ನನಗೆ ಬಿಡಿಸಿ ಹೇಳಿದ್ದು ಯಾವ ಇಂಜಿನಿಯರೂ ಅಲ್ಲ, ಪಕ್ಕದ ಬೀದೀಲಿ ಬಿ.ಎ. ಎರಡನೇ ವರ್ಷ ಓದ್ತಿದ್ದ ಹುಡುಗಿ. ಒಂದು ಗುಂಪಿಗೆ ಇಂಥ ಒಬ್ಬಳು ಹುಡುಗಿ ಇದ್ದಿದ್ರೆ ಎಷ್ಟು ಮನೆ ಬೀಗ ತಪ್ತಿತ್ತೋ.

ರಾಜ್ಯಶಾಸ್ತ್ರ ತಗೊಳ್ಳಿ. ನಮ್ಮ ರಾಜ್ಯದ ಪಂಚಾಯ್ತೀಲಿ ಅರ್ಧ ಸೀಟು ಹೆಂಗಸರದ್ದು. ಗೆದ್ದೋಳು ಇವಳು, ಸಭೆಗೆ ಹೋಗಿ ಕೂರೋನು ಅವಳ ಗಂಡ. ಯಾಕೆ? ಆ ಕಾಗದ, ಆ ಕಾನೂನು, ಆ ಮಾತು ಇವಳಿಗೆ ಯಾರೂ ಕಲಿಸಿಲ್ಲ. ಕಲಿಸೋ ಜಾಗಕ್ಕೆ "ಕತೆ ಓದೋ ಜಾಗ" ಅಂತ ಹೆಸರಿಟ್ಟಿದ್ದೀವಿ.

ಇತಿಹಾಸ ಬೇಕಾ? ಸೋಮನಾಥಪುರ ಇರೋದು ನಮ್ಮ ನರಸೀಪುರ ತಾಲ್ಲೂಕಲ್ಲಿ. 13ನೇ ಶತಮಾನದ ಆ ಕೇಶವ ದೇವಸ್ಥಾನ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರ್ತು. ಕಾವೇರಿ, ಕಪಿಲೆ ಸೇರೋ ಸಂಗಮದ ಹತ್ರ ಮೈಸೂರು ವಿಶ್ವವಿದ್ಯಾಲಯದೋರು 1960ರ ಸುಮಾರಿಗೆ ಅಗೆಸಿದಾಗ ಶಿಲಾಯುಗದ ಜನರ ಗುರುತೇ ಸಿಕ್ತು. ತಲಕಾಡು ಗಂಗರ ರಾಜಧಾನಿ. ನಂಜನಗೂಡಲ್ಲಿ ಕಪಿಲೆ ಮೇಲಿನ ಹಳೇ ಕಲ್ಲಿನ ಸೇತುವೆ 1735ರದ್ದು. ಮೂರು ವರ್ಷಕ್ಕೊಂದ್ಸಲ ಸಂಗಮದ ಕುಂಭಮೇಳಕ್ಕೆ ಹೋಗಿ ಮುಳುಗಿ ಬತ್ತೀವಿ, ಆ ಮಣ್ಣಿನೊಳಗೆ ಏನದೆ ಅಂತ ನಮಗೇ ಗೊತ್ತಿಲ್ಲ. ಹೊರದೇಶದಿಂದ ಬಂದೋರಿಗೆ ಸೋಮನಾಥಪುರ ತೋರಿಸಿ ಹೇಳಾಕೆ ನಮ್ಮೂರ ಹೆಣ್ಣುಮಗಳು ಯಾಕೆ ನಿಲ್ಲಬಾರ್ದು? ನಿಲ್ಲೋಕೆ ಓದಿರಬೇಕು, ಅಷ್ಟೇಯ.

ಇನ್ನೊಂದು ತಮಾಷೆ ಕೇಳಿ. ಬೆಂಗಳೂರು, ದೆಲ್ಲಿ ಕಡೆ ದೊಡ್ಡ ದೊಡ್ಡ ಪ್ರೈವೇಟ್ ಯೂನಿವರ್ಸಿಟಿಗಳು "ಲಿಬರಲ್ ಆರ್ಟ್ಸ್" ಅಂತ ಒಂದು ಕೋರ್ಸು ನಡೆಸ್ತಾವೆ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು. ದುಡ್ಡಿರೋರು ಮಕ್ಕಳ್ನ ಕಳಿಸ್ತಾರೆ, ಹೆಮ್ಮೆಯಿಂದ ಹೇಳ್ಕೋತಾರೆ. ಅಲ್ಲಿ ಏನು ಓದ್ತಾರೆ? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಸಾಹಿತ್ಯ. ಅದೇ ಎಸರು, ಬೆಳ್ಳಿ ಬಟ್ಟಲಲ್ಲಿ ಬಡಿಸ್ತಾರೆ. ಅವರ ಲೈಬ್ರರಿ ದೊಡ್ಡದು, ಮೇಷ್ಟ್ರು ಜಾಸ್ತಿ, ಒಪ್ತೀನಿ. ಆದ್ರೆ ಸಾಹುಕಾರರ ಮಗಳು ಓದಿದ್ರೆ ಜ್ಞಾನ, ಹಾಲು ಡೇರಿಗೆ ಹಾಕೋ ಮಗಳು ಓದಿದ್ರೆ ದಂಡ, ಇದ್ಯಾವ ನ್ಯಾಯ?

ನಮ್ಮ ಮೈಸೂರು ಸೀಮೇಲಿ ಕೂತು ಬಿ.ಎ. ಅಂದ್ರೆ ಮೂಗು ಮುರಿಯೋದು ನೋಡಿದ್ರೆ ನಗು ಬತ್ತದೆ. ಮಹಾರಾಣಿ ಕಾಲೇಜು 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಸುರುವಾದದ್ದು. ಹೆಣ್ಣು ಓದಿದ್ರೆ ಗಂಡ ಸಾಯ್ತಾನೆ ಅಂತಿದ್ದ ಕಾಲ ಅದು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ವಿಶ್ವವಿದ್ಯಾಲಯ ಆಯ್ತು. ಕುವೆಂಪು, ಆರ್.ಕೆ. ನಾರಾಯಣ್ ಮಹಾರಾಜಾ ಕಾಲೇಜಲ್ಲಿ ಬಿ.ಎ. ಮಾಡಿದೋರು. "ಶರಪಂಜರ" ಸಿನಿಮಾ ನೋಡಿ ಕಲ್ಪನಾ ಜೊತೆ ಅತ್ತಿದ್ದೀರಲ್ಲ, ಆ ಕಾದಂಬರಿ ಬರೆದ ತ್ರಿವೇಣಿಯವರು ಬಿ.ಎ.ಲಿ ಮನಃಶಾಸ್ತ್ರ ಓದಿದೋರು. ಬಾಣಂತನದಲ್ಲಿ ಮನಸ್ಸು ಕೆಟ್ಟ ಹೆಂಗಸಿಗೆ ದೆವ್ವ ಹಿಡಿದದೆ ಅಂತ ಬೇವಿನ ಸೊಪ್ಪಲ್ಲಿ ಹೊಡೆಸ್ತಿದ್ದ ಊರುಗಳಿಗೆ, ಅದು ಕಾಯಿಲೆ ಕಣ್ರವ್ವ, ವಾಸಿಯಾಯ್ತದೆ, ಆದ್ರೆ ವಾಸಿಯಾಗಿ ಬಂದವಳ್ನ ನೀವು ಬಾಳಾಕೆ ಬಿಡಲ್ಲ ಅಂತ ಎತ್ತಿ ತೋರಿಸಿದೋರು ಅವರು. ಓದು ಬಂತಾ ಉಪಯೋಗಕ್ಕೆ?

ಭಾಷೆ ವಿಷ್ಯಾನೂ ಹೇಳ್ಬುಡ್ತೀನಿ. ನಮ್ಮ ಹುಡುಗೀರು ಮೈಸೂರಿಗೆ ಹೋದ್ರೆ ಬಾಯಿ ಬಿಡಾಕೆ ಹೆದರ್ತಾರೆ, "ಹಳ್ಳಿ ಮಾತು" ಅಂತ ನಗ್ತಾರೇನೋ ಅಂತ. ದೇವನೂರ ಮಹಾದೇವ ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರಿನೋರು. ಅವರ "ಕುಸುಮಬಾಲೆ" ನಮ್ಮ ಸೀಮೆ ಆಡುಮಾತಲ್ಲೇ ಇರೋದು. ಅದ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡ ಕ್ಲಾಸಲ್ಲಿ ಕೂತ ಹುಡುಗಿಗೆ ತನ್ನ ಅಜ್ಜಿ ಮಾತು ಪುಸ್ತಕದಲ್ಲಿ ಕಂಡ್ರೆ ಬೆನ್ನು ನೆಟ್ಟಗಾಯ್ತದೆ. ಅದ್ಕೆ ಬೆಲೆ ಕಟ್ಟಾಕಾಗಲ್ಲ.

"ಬೆನ್ನು ನೆಟ್ಟಗಾದ್ರೆ ಹೊಟ್ಟೆ ತುಂಬ್ತದಾ? ಕೆಲ್ಸ?" ಅಂತೀರ. ಸರಿ, ಕೆಲಸಕ್ಕೇ ಬರಾಣ. ಬಿ.ಎ. ಆದ ಕೂಡ್ಲೇ ಯಾರೂ ಆರ್ಡರ್ ಕಾಪಿ ಹಿಡ್ಕೊಂಡು ಮನೆ ಬಾಗಿಲಿಗೆ ಬರಲ್ಲ. ಹಂಗಂತ ನಾನು ಹೇಳ್ತಾನೂ ಇಲ್ಲ. ಬಿ.ಇ. ಆದೋರಿಗೆ ಬತ್ತಾರಾ? ಇಂಜಿನಿಯರಿಂಗು ಮುಗಿಸಿ ಡೆಲಿವರಿ ಬ್ಯಾಗು ಹೊತ್ಕೊಂಡು ಓಡಾಡ್ತಿರೋ ಹುಡುಗ್ರು ನಮ್ಮ ನೆಂಟರಲ್ಲೇ ಅವ್ರೆ. ವ್ಯತ್ಯಾಸ ಏನಂದ್ರೆ ಅವರ ತಲೆ ಮೇಲೆ ಸಾಲಾನೂ ಅದೆ.

ಡಿಗ್ರಿ ಅನ್ನೋದು ಬಾಗಿಲಿನ ಬೀಗದಕೈ. ಕೆಎಎಸ್, ಪಿಡಿಒ, ಪಿಎಸ್‌ಐ, ಬ್ಯಾಂಕ್ ಕ್ಲರ್ಕ್, ಬ್ಯಾಂಕ್ ಆಫೀಸರ್, ಈ ಎಲ್ಲಾ ಪರೀಕ್ಷೆಗೂ ಯಾವುದಾದ್ರೂ ಒಂದು ಡಿಗ್ರಿ ಇದ್ರೆ ಸಾಕು. ಪಿಯುಸಿಗೆ ನಿಲ್ಲಿಸಿದ್ರೆ ಅರ್ಜಿ ಹಾಕಾಕೇ ಆಗಲ್ಲ. ಕೆಎಎಸ್ ಪರೀಕ್ಷೇಲಿ ಕೇಳೋದು ಹೆಚ್ಚಾಗಿ ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ, ಭೂಗೋಳ. ಸೈನ್ಸ್ ಓದಿದೋರು ಕೋಚಿಂಗಿಗೆ ದುಡ್ಡು ಕೊಟ್ಟು ಕಲಿಯೋದನ್ನ ಬಿ.ಎ. ಹುಡುಗಿ ಕ್ಲಾಸಲ್ಲೇ ಓದಿರ್ತಾಳೆ. ಬಿ.ಎ. ಆದ್ಮೇಲೆ ಎರಡು ವರ್ಷ ಬಿ.ಇಡಿ. ಮಾಡಿ ಟೀಚರ್ ಆಗ್ಬೋದು, ಮೂರು ವರ್ಷ ಎಲ್‌ಎಲ್‌ಬಿ ಮಾಡಿ ಲಾಯರ್ ಆಗ್ಬೋದು, ಎಂಎಸ್‌ಡಬ್ಲ್ಯೂ ಮಾಡ್ಬೋದು. ಈಗ ಡಿಗ್ರಿ ಎಷ್ಟು ವರ್ಷ ಅಂತಾನೂ ಕೆಲವರಿಗೆ ಗೊಂದಲ ಅದೆ. 2021ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದಿದ್ರು, 2024-25ರಿಂದ ನಮ್ಮ ರಾಜ್ಯದಲ್ಲಿ ತಿರುಗಾ ಮೂರೇ ವರ್ಷ. 18ಕ್ಕೆ ಸೇರಿದೋಳು 21ಕ್ಕೆ ಕೈಲಿ ಡಿಗ್ರಿ ಹಿಡ್ಕೊಂಡಿರ್ತಾಳೆ.

ನಂಜನಗೂಡಿನ ಫ್ಯಾಕ್ಟ್ರಿಗೆ ಪಿಯುಸಿ ಆದೋರ್ನೂ ತಗೋತಾರೆ, ಅಲ್ಲಿಗೆ ಹಾಕುವ ಅಂತ ಇನ್ನೊಬ್ಬರ ಸಲಹೆ. ಫ್ಯಾಕ್ಟ್ರಿ ಕೆಲ್ಸ ಕೀಳು ಅಂತ ನಾನಂದ್ರೆ ನನ್ನ ನಾಲಿಗೆ ಬಿದ್ದೋಗ್ಲಿ. ನಮ್ಮ ಕೇರೀಲಿ ಆ ಸಂಬಳದಲ್ಲೇ ಮನೆ ನಡೆಸ್ತಿರೋ ಹೆಣ್ಣುಮಕ್ಕಳವ್ರೆ. ಆದ್ರೆ ಓದೋ ಆಸೆ ಇರೋ, ಓದಿ ತೋರಿಸಿರೋ ಹುಡುಗಿಗೆ 18ರಲ್ಲೇ ಕಾಂಟ್ರ್ಯಾಕ್ಟ್ ಕೆಲ್ಸ ಒಂದೇ ದಾರಿ ಅಂತ ನಾವೇ ತೀರ್ಮಾನ ಮಾಡೋದು ಬೇರೆ ವಿಷ್ಯ. ಫ್ಯಾಕ್ಟ್ರಿ ಬಾಗಿಲು 21ಕ್ಕೂ ತೆಗೆದಿರ್ತದೆ. ಕಾಲೇಜಿನ ಬಾಗಿಲು ಒಂದ್ಸಲ ಬಿಟ್ಟ ಹುಡುಗಿಗೆ ತಿರುಗಾ ತೆಗೆದಿದ್ದನ್ನ ನಾನು ನೋಡಿರೋದು ಬಲು ಕಮ್ಮಿ.

ಈಗ ದುಡ್ಡಿನ ಮಾತು. ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷೆ ಶುಲ್ಕ ಅಂತ ವಸಿ ಕಟ್ಟಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಸರ್ಕಾರಿ ಸಾಮಾನ್ಯ ಬಸ್ಸು ನಮಗೆಲ್ಲ ಫ್ರೀ. ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋಗಾಕೆ ಆ ಬಸ್ಸು ಆಯ್ತದೆ, ಮಗಳು ಕಾಲೇಜಿಗೆ ಹೋಗಾಕೆ ಆಗಲ್ವಾ? ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್ ಅದೆ, ಹಿಂದುಳಿದ ವರ್ಗದೋರಿಗೆ, ಪರಿಶಿಷ್ಟರಿಗೆ ಹಾಸ್ಟೆಲ್ ಅವೆ, ಹಾಸ್ಟೆಲ್ ಸಿಗದೇ ಇರೋರಿಗೆ ವಿದ್ಯಾಸಿರಿ ಅದೆ. ಇದರ ಮೇಲೆ 2025ರಿಂದ ನಮ್ಮ ರಾಜ್ಯದ ಹುಡುಗೀರಿಗೂ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ಪು ಬಂದದೆ. ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಲ್ಲೇ ಓದಿ ಡಿಗ್ರಿ ಮೊದಲ ವರ್ಷಕ್ಕೆ ಸೇರಿದ ಹುಡುಗೀರಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸು ಮುಗಿಯೋವರೆಗೂ. ನಮ್ಮ ನಾದಿನಿ ಮಗಳು ಇದ್ಕೆ ಅರ್ಜಿ ಹಾಕಬೋದು. ಸೇರಿಸಿದ್ರೆ ತಾನೇ ಹಾಕೋದು!

ಅಡ್ಮಿಷನ್ ಕೆಲ್ಸ ಸುಲಭ ಅಂತ ಸುಳ್ಳು ಹೇಳಲ್ಲ. ಯುಯುಸಿಎಂಎಸ್ ಅಂತ ಒಂದು ಪೋರ್ಟಲ್ ಅದೆ, ಅದ್ರಲ್ಲಿ ಅರ್ಜಿ ಹಾಕಬೇಕು. ಸೈಬರ್ ಸೆಂಟರಲ್ಲಿ ಅರ್ಧ ದಿನ ಹೋಯ್ತದೆ. ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಹೆಸರು ಒಂದು ಥರ, ಆಧಾರಲ್ಲಿ ಇನ್ನೊಂದು ಥರ. ಜಾತಿ, ಆದಾಯ ಸರ್ಟಿಫಿಕೇಟಿಗೆ ನಾಡಕಚೇರಿ ಮೆಟ್ಟಿಲು ಹತ್ತಬೇಕು. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗದಿದ್ರೆ ಸ್ಕಾಲರ್‌ಶಿಪ್ಪು ಬರಲ್ಲ. 18 ವರ್ಷದ ಹುಡುಗಿ ಒಬ್ಬಳೇ ಇಷ್ಟಕ್ಕೂ ಓಡಾಡಬೇಕು, ಜೊತೆಗೆ ಬರೋರು ಯಾರೂ ಇಲ್ಲ. ಅಣ್ಣನ ಸೀಟಿಗೆ ಅಂತ ಮೂರು ಜನ ಮಾವಂದಿರು ಕಾರು ಮಾಡ್ಕೊಂಡು ಬೆಂಗಳೂರಿಗೆ ಹೋಗಿದ್ರು. ಸುಮಾರು ಹುಡುಗೀರ ಓದು ನಿಲ್ಲೋದು ಬಡತನದಿಂದಲ್ಲ, ಒಂದು ಜೆರಾಕ್ಸ್ ಕಾಪಿ ಹೊತ್ತಿಗೆ ಸರಿಯಾಗಿ ಸಿಗದೆ.

ಒಂದು ಸಬ್ಜೆಕ್ಟಲ್ಲಿ ಫೇಲಾದೋರ ಕತೆ ಇನ್ನೂ ಬೇಜಾರು. ಈಗ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಒಂದರಲ್ಲಿ ಹೋದ್ರೆ ಮುಂದಿನದು ಅದೆ, ಪಾಸ್ ಮಾಡ್ಕೊಂಡು ಅದೇ ವರ್ಷ ಡಿಗ್ರಿಗೆ ಸೇರೋ ದಾರಿ ಅದೆ. ಇಂಗ್ಲಿಷಲ್ಲಿ ಫೇಲಾದ್ಲು ಅಂತ ಅವತ್ತೇ ಜಾತಕ ತೆಗೆಯೋರಿಗೆ ಇದು ಗೊತ್ತಿರ್ಲಿ.

ಇನ್ನು ಕಾಲೇಜಿನ ಬಾಳು. ಅದನ್ನೂ ಬಣ್ಣ ಹಚ್ಚಿ ಹೇಳಲ್ಲ. ಬೆಳಿಗ್ಗೆ ಎಂಟರ ಬಸ್ಸಲ್ಲಿ ಬಾಗಿಲಿಗೆ ನೇತಾಡ್ಕೊಂಡು ಬತ್ತಾರೆ ಹೈಕಳು. ಎಷ್ಟೋ ಸಲ ಬಸ್ಸು ನಿಲ್ಸೋದೇ ಇಲ್ಲ. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಪಾಠ ಮಾಡೋರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಅವ್ರೆ. ಹೆಸರಿಗೆ ಅತಿಥಿ, ಹತ್ತು ಹದಿನೈದು ವರ್ಷದಿಂದ ಅಲ್ಲೇ ಅವ್ರೆ. ಕೆಲಸ ಕಾಯಂ ಮಾಡಿ ಅಂತ 2023ರ ಕೊನೇಲಿ ಅವರು ಮುಷ್ಕರ ಕೂತಾಗ ವಾರಗಟ್ಟಲೆ ಕ್ಲಾಸು ನಡೀಲಿಲ್ಲ. ತಪ್ಪು ಅವರದ್ದಲ್ಲ. ಮನೆಗೆ ಬಂದ ಅತಿಥಿಗೂ ನಾವು ಇಷ್ಟು ವರ್ಷ ಹೊರಗಿನ ಜಗಲೀಲಿ ಕೂರಿಸಲ್ಲ.

ಇದನ್ನೆಲ್ಲ ಹೇಳಿ ನೀವು "ನೋಡಿದ್ಯಾ, ಅಂಥಾ ಕಾಲೇಜಿಗೆ ಯಾಕೆ ಕಳಿಸ್ಬೇಕು" ಅಂತೀರ. ನಾನು ತಿರುಗಿಸಿ ಕೇಳ್ತೀನಿ. ರೇಷನ್ ಅಕ್ಕೀಲಿ ಹುಳ ಬಂದ್ರೆ ಊಟ ಬಿಡ್ತೀವಾ, ಅಂಗಡಿ ಮುಂದೆ ನಿಂತು ಜಗಳ ಆಡ್ತೀವಾ? ಸರ್ಕಾರಿ ಡಿಗ್ರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಆ ಕ್ಷೇತ್ರದ ಎಂಎಲ್‌ಎ ಅವರೇ ಅಧ್ಯಕ್ಷರು. ಓಟು ಕೇಳಾಕೆ ಬಂದಾಗ ರಸ್ತೆ ಕೇಳ್ತೀವಿ, ಚರಂಡಿ ಕೇಳ್ತೀವಿ, ಸಮುದಾಯ ಭವನ ಕೇಳ್ತೀವಿ. ಹೆಣ್ಣುಮಕ್ಕಳ ಕಾಲೇಜಿಗೆ ನೀರಿರೋ ಶೌಚಾಲಯ, ಎಂಟು ಗಂಟೆಗೆ ಇನ್ನೊಂದು ಬಸ್ಸು, ಕಾಯಂ ಮೇಷ್ಟ್ರು ಬೇಕು ಅಂತ ಯಾವತ್ತಾದ್ರೂ ಕೇಳಿದ್ದೀವಾ? ದುಡ್ಡಿರೋರು ಸರ್ಕಾರಿ ಕಾಲೇಜು ಬಿಟ್ರು. ನಾವೂ ಮಕ್ಕಳ್ನ ಬಿಡಿಸಿದ್ರೆ, ಅಡ್ಮಿಷನ್ ಕಮ್ಮಿ ಅಂತ ಒಂದಿನ ಆ ಬಾಗಿಲೂ ಮುಚ್ಚಿದ್ರೆ, ಆಮೇಲೆ ನಮ್ಮ ಮೊಮ್ಮಕ್ಕಳಿಗೆ ಉಳಿಯೋದು ಡೊನೇಷನ್ ಕಾಲೇಜು ಮಾತ್ರ.

ಕೊನೇದಾಗಿ, ಯಾರೂ ಬಾಯಿಬಿಟ್ಟು ಹೇಳದೇ ಇರೋ ಮಾತು. "ಕಾಲೇಜಿಗೆ ಹೋದ್ರೆ ಹುಡುಗಿ ಕೈ ತಪ್ತಾಳೆ." ಜೊತೆಗೆ, "ಡಿಗ್ರಿ ಮಾಡಿದ್ರೆ ಅವಳಿಗಿಂತ ಜಾಸ್ತಿ ಓದಿದ ಗಂಡು ಹುಡುಕಬೇಕು, ವರದಕ್ಷಿಣೆ ಏರ್ತದೆ." ಮೊದಲನೇದಕ್ಕೆ ಹೇಳ್ತೀನಿ: ಫೋನು ಮನೇಲೇ ಅದೆ, ಕೈ ತಪ್ಪೋದಕ್ಕೆ ಕಾಲೇಜೇ ಬೇಕಾಗಿಲ್ಲ. 18ಕ್ಕೆ ಹೆದರಿಸಿ ಕಟ್ಟಿದ ಮದುವೆಗಳು ಹೆಂಗವೆ ಅಂತ ನಾವು ಹೆಂಗಸರು ಹಿತ್ತಲಲ್ಲಿ ಮಾತಾಡ್ಕೊಳೋದು ನಮಗೇ ಗೊತ್ತು. ಎರಡನೇದಕ್ಕೆ: ವರದಕ್ಷಿಣೆ ಕೇಳೋನು ಪಿಯುಸಿ ಹುಡುಗಿಗೂ ಕೇಳ್ತಾನೆ. ಗಂಡ ಕುಡಿದು ಬಂದ ದಿನ, ಗಂಡ ಇಲ್ಲವಾದ ದಿನ, ಮಕ್ಕಳ ಫೀಸು ಕಟ್ಟಬೇಕಾದ ದಿನ, ನಾವು ಕೊಟ್ಟ ಚಿನ್ನ ಗಿರವಿ ಅಂಗಡೀಲಿರ್ತದೆ. ಡಿಗ್ರೀನ ಯಾರೂ ಗಿರವಿ ಇಡಾಕಾಗಲ್ಲ.

ಹಂಗಾಗಿ ಅಕ್ಕಂದಿರಾ, ಈ ತಿಂಗಳು ಮೂರು ಕೆಲ್ಸ ಮಾಡಿ. ನಿಮ್ಮ ಮನೇಲಿ, ಪಕ್ಕದ ಮನೇಲಿ ಆರ್ಟ್ಸ್ ಪಾಸಾದ ಹುಡುಗಿ ಇದ್ರೆ "ಬಿ.ಎ. ಓದಿ ಏನ್ ಮಾಡ್ತೀಯ" ಅನ್ನೋ ಬದಲು "ಅರ್ಜಿ ಹಾಕಿದ್ಯಾ" ಅಂತ ಕೇಳಿ. ಹಾಕಿಲ್ಲ ಅಂದ್ರೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ ಆದಾಯ ಸರ್ಟಿಫಿಕೇಟು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ ಒಂದು ಕವರಿಗೆ ಹಾಕಿಸಿ. ಆಮೇಲೆ ಅವಳ ಜೊತೆ ಕಾಲೇಜಿಗೆ ನೀವೇ ಒಂದ್ಸಲ ಹೋಗಿ ಬನ್ನಿ. ದೊಡ್ಡೋರು ಜೊತೇಲಿ ಬಂದವ್ರೆ ಅಂದ್ರೆ ಕ್ಲರ್ಕು "ನಾಳೆ ಬಾ" ಅನ್ನಾಕೆ ವಸಿ ಯೋಚ್ನೆ ಮಾಡ್ತಾನೆ.

ನಮ್ಮ ನಾದಿನೀಗೂ ಇದನ್ನೇ ಹೇಳಿವ್ನಿ. ಭಾನುವಾರ ನಾನೂ ನರಸೀಪುರದ ಬಸ್ಸು ಹತ್ತಿ ಅವರ ಮನೆಗೆ ಹೋಯ್ತೀನಿ, ಅಣ್ಣನ ಜೊತೆ ಕೂತು ಮಾತಾಡಾಕೆ. ನಮ್ಮ ಕಡೆ ನೆಂಟರು ಇನ್ನಿಬ್ಬರು ಜೊತೆಗೆ ಬಂದ್ರೆ ಮಾತಿಗೆ ತೂಕ ಬತ್ತದೆ. ಹತ್ತೂವರೆ ಬಸ್ಸಿಗೆ ಸ್ಟ್ಯಾಂಡಲ್ಲಿರ್ತೀನಿ. ಬರೋರು ಆಧಾರ್ ಕಾರ್ಡು ಮರೀಬ್ಯಾಡಿ, ಟಿಕೆಟ್ಟು ಫ್ರೀ.